ಡಾಕ್ಟರ್ ಮರಿಯಾ ಮಾಂಟೆಸರಿ ಮತ್ತು ಮಕ್ಕಳ ಅಕ್ಷರಾಭ್ಯಾಸ

ನಲ್ಲೂರಿನ ಹುಣಸೆಯ ತೋಪನ್ನು ಕಂಡರಿಯದವರು ಈ ಸಂಚಿಕೆಯ ವಾಚಕರಲ್ಲಿ ವಿರಳ. 2007ರಲ್ಲಿ ಸರ್ಕಾರವು ಅದನ್ನು ಜೀವವೈವಿಧ್ಯದ ಪಾರಂಪರಿಕ ತಾಣವೆಂದು ಘೋಷಿಸಿತು. ನಮ್ಮ ದೇಶದಲ್ಲಿ ಆ ಗೌರವ ಪಡೆದ ಮೊದಲ ತಾಣ ಅದೇ. ಆದರೆ ಒಂದನೆಯ ತರಗತಿಯ ಉಪಾಧ್ಯಾಯರಿಗೆ ಹುಣಸೆಯ ಮರದಿಂದ ಬೇರೊಂದು ಉಪಕಾರವೂ ಉಂಟು; ಅದು ಬೀಜ. ನೆಲದ ಮೇಲೆ ಸೀಮೆಸುಣ್ಣದಿಂದ ದೊಡ್ಡದಾಗಿ ಒಂದು ಅಕ್ಷರವನ್ನು ಬರೆದು, ಅದರ ಗೆರೆಯ ಮೇಲೆ ಹುಣಸೆಬೀಜಗಳನ್ನು ಒಂದೊಂದಾಗಿ ಜೋಡಿಸುವಂತೆ ಮಕ್ಕಳಿಗೆ ಹೇಳುವ ಪದ್ಧತಿ ನಮ್ಮ ಸೀಮೆಯ ಅನೇಕ ಶಾಲೆಗಳಲ್ಲಿದೆ. ತರಗತಿಯನ್ನು ನೋಡಲು ಬರುವ ಹಿರಿಯರಲ್ಲಿ ಕೆಲವರು ಇದನ್ನು ಕಂಡು, ಪುಸ್ತಕ ಬಿಟ್ಟು ಆಟ ಆಡಿಸುತ್ತಿದ್ದಾರೆಂದು ಮುಖ ಸಿಂಡರಿಸುವುದುಂಟು. ಅಂಥವರ ಅವಗಾಹನೆಗಾಗಿಯೂ, ಎಳೆಯ ಮಕ್ಕಳಿಗೆ ಓದು ಕಲಿಸುವ ಹೊಣೆ ಹೊತ್ತ ಸಹೋದ್ಯೋಗಿಗಳಿಗಾಗಿಯೂ, ಕೈಬೆರಳಿನ ಮೂಲಕ ಅಕ್ಷರವನ್ನು ಮನಸ್ಸಿಗೆ ಮುಟ್ಟಿಸಬಹುದೆಂದು ಲೋಕಕ್ಕೆ ತೋರಿಸಿಕೊಟ್ಟ ಮಹಿಳೆಯೊಬ್ಬರ ಜೀವನವನ್ನು ಇಲ್ಲಿ ನಿರೂಪಿಸಲಾಗಿದೆ.

ಮರಿಯಾ ಮಾಂಟೆಸರಿ ಅವರು 1870ನೆಯ ಇಸವಿ ಆಗಸ್ಟ್ ತಿಂಗಳ 31ರಂದು ಇಟಲಿ ದೇಶದ ಅಂಕೋನಾ ನಗರದ ಸಮೀಪದಲ್ಲಿರುವ ಕಿಯರವಲ್ಲೆ ಎಂಬ ಊರಿನಲ್ಲಿ ಜನಿಸಿದರು. ತಂದೆ ಅಲೆಸ್ಸಾಂಡ್ರೊ ಸರ್ಕಾರಿ ನೌಕರರು. ಹಳೆಯ ಕಟ್ಟುಪಾಡುಗಳನ್ನು ನೆಚ್ಚಿದವರು. ತಾಯಿ ರೆನಿಲ್ಡೆ ವಿದ್ಯಾವಂತೆ. ಮಗಳ ಆಕಾಂಕ್ಷೆಗಳಿಗೆ ಕಡೆಯವರೆಗೂ ಬೆಂಬಲವಾಗಿ ನಿಂತವರು. ಮರಿಯಾ ಐದು ವರ್ಷದವರಾಗಿದ್ದಾಗ ಈ ಕುಟುಂಬವು ರೋಮ್ ನಗರಕ್ಕೆ ಬಂದು ನೆಲೆಸಿತು. ಹೆಣ್ಣುಮಕ್ಕಳು ಹೆಚ್ಚೆಂದರೆ ಉಪಾಧ್ಯಾಯಿನಿಯರಾಗಬಹುದೆಂಬ ಭಾವನೆ ಆಗ ಇಟಲಿಯಲ್ಲಿ ಬಲವಾಗಿತ್ತು. ಆದರೆ ಬಾಲಕಿ ಮರಿಯಾ ತಮ್ಮ ಹದಿಮೂರನೆಯ ವಯಸ್ಸಿನಲ್ಲಿ ಗಂಡುಮಕ್ಕಳ ತಾಂತ್ರಿಕ ಶಾಲೆಯನ್ನು ಸೇರಿ, ಎಂಜಿನಿಯರ್ ಆಗಬೇಕೆಂದು ಹಂಬಲಿಸಿದರು. ಉಪಾಧ್ಯಾಯ ವೃತ್ತಿಯೊಂದನ್ನು ಮಾತ್ರ ಒಲ್ಲೆನೆಂಬುದು ಅಂದಿನ ಅವರ ನಿಲುವು. ವಿಧಿಯ ಲೀಲೆ ಎಂದರೆ ಇದೇ ಇರಬೇಕು!

ಮುಂದೆ ಅವರ ಮನಸ್ಸು ವೈದ್ಯಶಾಸ್ತ್ರದ ಕಡೆಗೆ ತಿರುಗಿತು. ರೋಮ್ ವಿಶ್ವವಿದ್ಯಾನಿಲಯದಲ್ಲಿ ಮೊದಲು ಪ್ರಕೃತಿ ವಿಜ್ಞಾನವನ್ನು ವ್ಯಾಸಂಗ ಮಾಡಿ, ಬಳಿಕ ವೈದ್ಯಕೀಯ ವಿಭಾಗವನ್ನು ಪ್ರವೇಶಿಸಿದರು. ಸಹಪಾಠಿಗಳ ಅಣಕವನ್ನೂ ತಂದೆಯ ಅಸಮಾಧಾನವನ್ನೂ ಸಹಿಸಬೇಕಾಯಿತು. ಪುರುಷ ವಿದ್ಯಾರ್ಥಿಗಳೊಡನೆ ಶವಚ್ಛೇದನ ನಡೆಸುವುದು ಸಭ್ಯತೆಗೆ ಸಲ್ಲದೆಂದು ಭಾವಿಸಲಾಗಿದ್ದುದರಿಂದ, ಎಲ್ಲರೂ ಹೋದ ಮೇಲೆ ಶವಗಳ ನಡುವೆ ಒಬ್ಬರೇ ಕುಳಿತು ಅಭ್ಯಾಸ ಮಾಡಬೇಕಾಗಿತ್ತು. ಇಷ್ಟಾದರೂ ಎದೆಗುಂದದೆ 1896ರ ಜುಲೈ ತಿಂಗಳಿನಲ್ಲಿ ಪದವಿಯನ್ನು ಪಡೆದು, ಇಟಲಿಯ ಮೊದಮೊದಲ ಮಹಿಳಾ ವೈದ್ಯರಲ್ಲಿ ಒಬ್ಬರಾದರು.

ಪದವಿ ದೊರೆತ ನಂತರ ರೋಮ್‌ನ ಮಾನಸಿಕ ಚಿಕಿತ್ಸಾಲಯದಲ್ಲಿ ಸಹಾಯಕ ವೈದ್ಯರಾಗಿ ಕೆಲಸ ಮಾಡತೊಡಗಿದರು. ಆ ಕಾರ್ಯದ ನಿಮಿತ್ತ ನಗರದ ಹುಚ್ಚಾಸ್ಪತ್ರೆಗಳಿಗೆ ಹೋಗಿಬರಬೇಕಾಗುತ್ತಿತ್ತು. ಅಂದಿನ ದಿನಗಳಲ್ಲಿ ಬುದ್ಧಿಮಾಂದ್ಯವುಳ್ಳ ಮಕ್ಕಳನ್ನೂ ಹುಚ್ಚರ ಜತೆಗೇ ಕೂಡಿಹಾಕುತ್ತಿದ್ದರು. ಕೈಗೆ ಒಂದು ಆಟಿಕೆಯಿಲ್ಲ, ಮುಟ್ಟಿ ನೋಡಲು ಒಂದು ವಸ್ತುವಿಲ್ಲ. ಆ ಮಕ್ಕಳಿಗೆ ಬೇಕಾದುದು ಔಷಧಕ್ಕಿಂತ ಹೆಚ್ಚಾಗಿ ಶಿಕ್ಷಣ ಎಂಬ ನಿರ್ಣಯಕ್ಕೆ ತರುಣ ವೈದ್ಯೆಯಾದ ಮರಿಯಾ ಬಂದರು. 1898ರಲ್ಲಿ ತೂರಿನ್ ನಗರದ ಶಿಕ್ಷಣ ಸಮ್ಮೇಳನದಲ್ಲಿ ಈ ವಿಚಾರವನ್ನು ಮಂಡಿಸಿದಾಗ ಅವರ ಹೆಸರು ದೇಶದಲ್ಲೆಲ್ಲ ಹರಡಿತು.

ಅವರಿಗೆ ದಾರಿ ತೋರಿದವರು ಇಬ್ಬರು ಫ್ರೆಂಚ್ ವೈದ್ಯರು. 1800ರಲ್ಲಿ ಅವೆರಾನ್ ಪ್ರಾಂತದ ಕಾಡಿನಲ್ಲಿ ಸಿಕ್ಕಿದ, ಮಾತು ಬಾರದ ಬಾಲಕನೊಬ್ಬನಿಗೆ ವರ್ಷಗಟ್ಟಲೆ ಪಾಠ ಹೇಳಿದ ಇಟಾರ್ ಮೊದಲನೆಯವರು. ಅವರ ಶಿಷ್ಯ ಸೆಗ್ವೆ ಎರಡನೆಯವರು. ಈ ಇಬ್ಬರ ಗ್ರಂಥಗಳನ್ನೂ ಮರಿಯಾ ಇಟಾಲಿಯನ್ ಭಾಷೆಗೆ ತಂದು, ಆದಿಯಿಂದ ಅಂತ್ಯದವರೆಗೆ ತಮ್ಮ ಕೈಯಾರೆ ಪ್ರತಿ ಮಾಡಿಕೊಂಡರು. ಒಂದೊಂದು ಪದದ ತೂಕವನ್ನೂ ಅರಿಯುವುದಕ್ಕೆ ಬರೆದು ಓದುವುದೇ ಉಪಾಯವೆಂದು ಅವರು ನಂಬಿದ್ದರು. ಓಲೆಗರಿಗಳನ್ನು ಪ್ರತಿ ಮಾಡಿ ಶಾಸ್ತ್ರ ಕಲಿತ ನಮ್ಮ ಹಿರಿಯರಿಗೆ ಈ ಮಾತು ಹೊಸದೆನಿಸದು.

1900ರಲ್ಲಿ ಬುದ್ಧಿಮಾಂದ್ಯ ಮಕ್ಕಳಿಗಾಗಿ ರೋಮ್‌ನಲ್ಲಿ ಸ್ಥಾಪನೆಯಾದ ಶಾಲೆಗೆ ಅವರು ನಿರ್ದೇಶಕರಾದರು. ಹಗಲೆಲ್ಲ ಮಕ್ಕಳೊಡನೆ ಇದ್ದು, ರಾತ್ರಿ ಕುಳಿತು ಟಿಪ್ಪಣಿ ಬರೆಯುತ್ತಿದ್ದರು. ಮರದಿಂದ ಕೊರೆದು ಬಣ್ಣ ಬಳಿದ ಅಂದವಾದ ಅಕ್ಷರಗಳನ್ನು ಅಲ್ಲಿ ಮಾಡಿಸಿದರು. ಸ್ವರಗಳಿಗೆ ಒಂದು ಬಣ್ಣ, ವ್ಯಂಜನಗಳಿಗೆ ಮತ್ತೊಂದು. ಮಕ್ಕಳು ಬರೆಯುವ ಕ್ರಮದಲ್ಲಿಯೇ ಆ ಅಕ್ಷರಗಳ ಮೇಲೆ ಬೆರಳಾಡಿಸಬೇಕು. ಹೀಗೆ ಕಲಿತ ಕೆಲವರು ಸಾಮಾನ್ಯ ಶಾಲೆಯ ಮಕ್ಕಳೊಡನೆ ಸರ್ಕಾರಿ ಪರೀಕ್ಷೆಗೆ ಕುಳಿತು ಉತ್ತೀರ್ಣರಾದರು. ಜನರು ಇದನ್ನು ಪವಾಡವೆಂದು ಕೊಂಡಾಡಿದರು. ಮರಿಯಾ ಅವರಿಗೆ ಮಾತ್ರ ಬೇರೆಯೇ ಚಿಂತೆ ಹತ್ತಿತು. ಬುದ್ಧಿ ಮಂದವಾದ ಮಕ್ಕಳು ಇಷ್ಟನ್ನು ಸಾಧಿಸಿದರೆ, ಆರೋಗ್ಯವಂತ ಮಕ್ಕಳನ್ನು ಅದೇ ಮಟ್ಟದಲ್ಲಿ ತಡೆದು ನಿಲ್ಲಿಸಿರುವ ನಮ್ಮ ಶಾಲೆಗಳಲ್ಲಿ ಏನೋ ದೋಷವಿರಲೇಬೇಕಲ್ಲವೆ ಎಂಬುದೇ ಆ ಚಿಂತೆ.

ಇದೇ ಕಾಲದ ಅವರ ಖಾಸಗಿ ಬದುಕಿನ ಒಂದು ಸಂಗತಿಯನ್ನು ಮುಚ್ಚಿಡುವುದು ಸರಿಯಲ್ಲ. ಸಹೋದ್ಯೋಗಿಯಾಗಿದ್ದ ವೈದ್ಯ ಮೊಂತೆಸಾನೊ ಅವರಿಂದ 1898ರಲ್ಲಿ ಅವರಿಗೆ ಒಬ್ಬ ಮಗ ಹುಟ್ಟಿದನು. ವಿವಾಹ ನಡೆಯಲಿಲ್ಲ. ಲೋಕಾಪವಾದಕ್ಕೆ ಅಂಜಿ, ಶಿಶುವನ್ನು ಹಳ್ಳಿಯೊಂದರ ಕುಟುಂಬದಲ್ಲಿ ಬೆಳೆಯಲು ಬಿಟ್ಟರು. ಲೋಕದ ಮಕ್ಕಳಿಗೆಲ್ಲ ತಾಯಿಯಂತಾದವರು ತಮ್ಮ ಮಗನಿಂದ ದೂರವೇ ಉಳಿದರು. ಆ ಮಗ ಮಾರಿಯೊ ತಮ್ಮ ಹದಿಹರೆಯದಲ್ಲಿ ತಾಯಿಯ ಬಳಿಗೆ ಬಂದು ಸೇರಿ, ಮುಂದೆ ಅವರ ಬಲಗೈಯಾದರು. ಆದರೂ ಬಹುಕಾಲ ಹೊರಲೋಕಕ್ಕೆ ಅವರು ಮರಿಯಾ ಅವರ ಬಂಧುವೆಂದು ಮಾತ್ರ ಪರಿಚಿತರು. 1901ರಲ್ಲಿ ಮರಿಯಾ ಆ ಶಾಲೆಯನ್ನು ತೊರೆದು ಮತ್ತೆ ವ್ಯಾಸಂಗಕ್ಕೆ ತೊಡಗಿದರು.

ಅವರು ಕಾದಿದ್ದ ಅವಕಾಶ ಒದಗಿದುದು ಆರು ವರ್ಷಗಳ ಬಳಿಕ. ರೋಮ್ ನಗರದ ಸ್ಯಾನ್ ಲೊರೆಂಜೊ ಬಡವರ ಕೇರಿ. ಒಂದು ಗೃಹನಿರ್ಮಾಣ ಸಂಸ್ಥೆಯು ಅಲ್ಲಿನ ಹಳೆಯ ಕಟ್ಟಡಗಳನ್ನು ದುರಸ್ತಿ ಮಾಡಿಸಿ ಕೂಲಿಕಾರರಿಗೆ ಬಾಡಿಗೆಗೆ ಕೊಟ್ಟಿತ್ತು. ತಂದೆತಾಯಿಗಳು ದುಡಿಮೆಗೆ ಹೋದಾಗ ಮನೆಯಲ್ಲುಳಿದ ಮಕ್ಕಳು ಗೋಡೆಗಳನ್ನು ಗೀಚಿ ಹಾಳುಮಾಡುತ್ತಿದ್ದರು. ಅವರನ್ನು ಒಂದು ಕೋಣೆಯಲ್ಲಿ ಕೂಡಿಸಿ ನೋಡಿಕೊಳ್ಳುವುದು ಗೋಡೆ ಬಳಿಸುವುದಕ್ಕಿಂತ ಅಗ್ಗವೆಂದು ಸಂಸ್ಥೆಯವರು ಎಣಿಸಿ ಮರಿಯಾ ಅವರನ್ನು ಕರೆದರು. 1907ನೆಯ ಇಸವಿ ಜನವರಿ 6ರಂದು, ಮಾರ್ಸಿ ಬೀದಿಯ ಕಟ್ಟಡವೊಂದರಲ್ಲಿ, ಸುಮಾರು ಐವತ್ತು ಮಕ್ಕಳೊಡನೆ ಮಕ್ಕಳ ಮನೆ ಆರಂಭವಾಯಿತು. ಇಷ್ಟು ದೊಡ್ಡ ಶಿಕ್ಷಣ ಸಂಪ್ರದಾಯವೊಂದು ಸುಣ್ಣಬಣ್ಣದ ಖರ್ಚನ್ನು ಉಳಿಸುವ ಉಪಾಯವಾಗಿ ಹುಟ್ಟಿತೆಂಬುದನ್ನು ದಾನಿಗಳು ಗಮನಿಸಬಹುದು.

ಮೊದಲು ಅಲ್ಲಿ ಅಕ್ಷರವನ್ನು ಕಲಿಸುವ ಉದ್ದೇಶವೇ ಇರಲಿಲ್ಲ. ಆರು ವರ್ಷಕ್ಕೆ ಮುನ್ನ ಓದುಬರಹ ಕೂಡದೆಂಬುದು ಆಗಿನ ಪಂಡಿತರ ಅಭಿಪ್ರಾಯ. ಮರಿಯಾ ಕೂಡ ಅದನ್ನೇ ಒಪ್ಪಿದ್ದರು. ಆದರೆ ಮಕ್ಕಳ ತಾಯಂದಿರು ಬಿಡಲಿಲ್ಲ. ಅವರಲ್ಲಿ ಅನೇಕರಿಗೆ ಅಕ್ಷರ ಬರುತ್ತಿರಲಿಲ್ಲ. ತಮ್ಮ ಮಕ್ಕಳಿಗಾದರೂ ಕಲಿಸಿಕೊಡಿರೆಂದು ಅವರು ಮತ್ತೆ ಮತ್ತೆ ಬಂದು ಬೇಡಿಕೊಂಡರು. ಆ ಒತ್ತಾಯಕ್ಕೆ ಮಣಿದು ಆ ವರ್ಷದ ಶರತ್ಕಾಲದಲ್ಲಿ ಪಾಠ ಮೊದಲು ಮಾಡಿದರು.

ಹಿಂದೆ ಮಾಡಿಸಿದ್ದ ಮರದ ಅಕ್ಷರಗಳಂಥವನ್ನು ಮತ್ತೆ ಮಾಡಿಸಲು ಪ್ರಯತ್ನಿಸಿದರು, ಸಾಧ್ಯವಾಗಲಿಲ್ಲ. ಆಗ ಕಾಗದವನ್ನೇ ಅಕ್ಷರದ ಆಕಾರಕ್ಕೆ ಕತ್ತರಿಸಿದರು. ಮುಟ್ಟಿ ನೋಡುವ ಅಕ್ಷರಗಳಿಗಾಗಿ, ಬಡಗಿಗಳು ಮರವನ್ನು ನುಣುಪು ಮಾಡಲು ಉಪಯೋಗಿಸುವ ಮರಳುಕಾಗದವನ್ನು ಕತ್ತರಿಸಿ ನಯವಾದ ರಟ್ಟಿನ ಮೇಲೆ ಅಂಟಿಸಿದರು. ಬಡತನದಿಂದ ಮಾಡಿದ ಈ ಏರ್ಪಾಟು ಮರದ ಅಕ್ಷರಗಳಿಗಿಂತ ಮೇಲೆಂದು ಅವರಿಗೆ ಬೇಗನೆ ಮನವರಿಕೆಯಾಯಿತು. ಬೆರಳು ಗೆರೆಯನ್ನು ತಪ್ಪಿದೊಡನೆ ನಯವಾದ ರಟ್ಟು ತಾಗಿ, ತಪ್ಪನ್ನು ಉಪಾಧ್ಯಾಯರು ಹೇಳಬೇಕಾದ ಅಗತ್ಯವೇ ಇಲ್ಲವಾಯಿತು. ಇನ್ನು ಮರದ ಅಕ್ಷರ ಒಂದೊಂದು ಮಾತ್ರ ಇರುತ್ತಿತ್ತು, ಕಾಗದದವು ಬೇಕಾದಷ್ಟು. ಆದ್ದರಿಂದ ಮಕ್ಕಳು ಅವನ್ನು ಸಾಲಾಗಿ ಇಟ್ಟು ಪದಗಳನ್ನು ಕಟ್ಟಲು ಅನುಕೂಲವಾಯಿತು.

ಕಲಿಸುವ ಕ್ರಮ ಹೀಗಿತ್ತು. ಉಪಾಧ್ಯಾಯಿನಿಯು ಒಂದು ಅಕ್ಷರವನ್ನು ಮುಂದಿಟ್ಟು ಅದರ ಧ್ವನಿಯನ್ನು ಉಚ್ಚರಿಸುವಳು. ವರ್ಣಮಾಲೆಯಲ್ಲಿ ಅದಕ್ಕಿರುವ ಹೆಸರನ್ನು ಹೇಳುವಂತಿಲ್ಲ. ಧ್ವನಿಯನ್ನು ಮಾತ್ರ ಹೇಳಬೇಕು. ಮಗು ಎರಡು ಬೆರಳುಗಳಿಂದ ಅದರ ಮೇಲೆ ಎಳೆಯುತ್ತ ಆ ಧ್ವನಿಯನ್ನು ನುಡಿಯುವುದು. ಅನಂತರ ಇದನ್ನು ಕೊಡು ಅದನ್ನು ಕೊಡು ಎಂದು ಕೇಳಿ ಗುರುತು ಹಿಡಿಸುವುದು. ಕೊನೆಯಲ್ಲಿ ಇದು ಯಾವುದೆಂದು ಕೇಳುವುದು. ಮೊದಲು ಸ್ವರ, ಬಳಿಕ ವ್ಯಂಜನ. ವ್ಯಂಜನ ಬಂದೊಡನೆ ಅದನ್ನು ಸ್ವರದೊಡನೆ ಕೂಡಿಸಿ ತೋರಿಸುವುದು. ಕಾಗುಣಿತದಲ್ಲಿ ಬೆಳೆದ ನಮಗೆ ಇದು ದೂರದ ಸಂಗತಿಯೇನಲ್ಲ.

ಅದೇ ಡಿಸೆಂಬರ್ ತಿಂಗಳ ಒಂದು ದಿನ ಬಿಸಿಲು ಹಿತವಾಗಿದ್ದುದರಿಂದ ಮಕ್ಕಳನ್ನು ಮಹಡಿಯ ತಾರಸಿಗೆ ಕರೆದುಕೊಂಡು ಹೋಗಿದ್ದರು. ಐದು ವರ್ಷದ ಒಬ್ಬ ಬಾಲಕನಿಗೆ ಸೀಮೆಸುಣ್ಣವನ್ನು ಕೊಟ್ಟು, ಎದುರಿಗಿದ್ದ ಹೊಗೆಗೂಡಿನ ಚಿತ್ರವನ್ನು ಬರೆಯುವಂತೆ ಮರಿಯಾ ಹೇಳಿದರು. ಅವನು ನೆಲಹಾಸಿನ ಮೇಲೆ ಚಿತ್ರವನ್ನು ಬರೆದು ಮುಗಿಸಿ, ಕ್ಷಣಕಾಲ ಸುಮ್ಮನಿದ್ದು, ತನಗೆ ಬರೆಯಲು ಬರುತ್ತದೆಂದು ಕೂಗಿಕೊಂಡನು. ಬಾಗಿ ಕುಳಿತು ಇಟಾಲಿಯನ್ ಭಾಷೆಯಲ್ಲಿ ಕೈ ಎಂಬ ಪದವನ್ನು ಬರೆದನು. ಹೊಗೆಗೂಡು ಎಂದು ಬರೆದನು. ಮಾಡು ಎಂದು ಬರೆದನು. ಅವನಿಗೆ ಯಾರೂ ಬರವಣಿಗೆಯ ಪಾಠವನ್ನು ಹೇಳಿರಲಿಲ್ಲ. ಉಳಿದ ಮಕ್ಕಳು ಓಡಿಬಂದು ನೋಡಿದರು, ತಾವೂ ಸೀಮೆಸುಣ್ಣ ಬೇಡಿದರು, ಕೆಲವರು ಬರೆದೂಬಿಟ್ಟರು. ಮುಂದಿನ ದಿನಗಳಲ್ಲಿ ನೆಲ, ಬಾಗಿಲು, ಗೋಡೆ ಒಂದನ್ನೂ ಅವರು ಬಿಡಲಿಲ್ಲ. ಗೋಡೆ ಕೆಡದಿರಲೆಂದು ಶಾಲೆ ತೆರೆದವರಿಗೆ ಇದನ್ನು ಕಂಡು ಏನೆನಿಸಿತೋ ತಿಳಿಯದು.

ವಾಸ್ತವವಾಗಿ ಇದರಲ್ಲಿ ಪವಾಡವೇನೂ ಇರಲಿಲ್ಲ. ಬೆರಳಿಗೆ ಅಕ್ಷರದ ದಾರಿ ಪರಿಚಿತವಾಗಿತ್ತು. ಲೋಹದ ಅಚ್ಚುಗಳ ಒಳಗೆ ಬಣ್ಣ ತುಂಬಿದ್ದರಿಂದ ಕೈಗೆ ಪೆನ್ಸಿಲಿನ ಹಿಡಿತ ಬಂದಿತ್ತು. ಕಾಗದದ ಅಕ್ಷರಗಳಿಂದ ಪದವನ್ನು ಕಟ್ಟುವಾಗ ಮಾತನ್ನು ಧ್ವನಿಗಳಾಗಿ ಬಿಡಿಸುವುದನ್ನು ಕಿವಿ ಕಲಿತಿತ್ತು. ಮೂರೂ ಬೇರೆಬೇರೆಯಾಗಿ ಹಣ್ಣಾಗಿ ಒಂದು ದಿನ ಒಟ್ಟಿಗೆ ಕೂಡಿದುವು.

ಓದು ಬಂದುದು ಅದಾದ ಮೇಲೆ. ಆಟದ ಸಾಮಾನುಗಳ ಹೆಸರುಗಳನ್ನು ಚೀಟಿಗಳಲ್ಲಿ ಬರೆದು ಮಡಿಸಿ, ಚೀಟಿಯನ್ನು ಎತ್ತಿ ಸರಿಯಾಗಿ ಓದಿದವರಿಗೆ ಆ ಆಟಿಕೆಯನ್ನು ಕೊಡುವುದಾಗಿ ಮರಿಯಾ ತಿಳಿಸಿದರು. ಮಕ್ಕಳು ಆಟಿಕೆಯನ್ನು ಒಲ್ಲದೆ, ಇನ್ನೊಂದು ಚೀಟಿ ಮತ್ತೊಂದು ಚೀಟಿ ಎಂದು ಚೀಟಿಗಳನ್ನೇ ಬೇಡಿದರು. ಬಳಿಕ ಅವರು ಚೀಟಿಗಳಲ್ಲಿ ಅಪ್ಪಣೆಗಳನ್ನು ಬರೆದರು: ಕಿಟಕಿಯನ್ನು ಮುಚ್ಚಬೇಕು, ಕುರ್ಚಿಯನ್ನು ಸರಿಸಬೇಕು, ಇತ್ಯಾದಿ. ಮಗು ಮೌನವಾಗಿ ಓದಿ ಹಾಗೆಯೇ ಮಾಡಿ ತೋರಿಸುವುದು. ಧ್ವನಿ ಕೂಡಿಸಿ ಗಟ್ಟಿಯಾಗಿ ಉಚ್ಚರಿಸಿದ ಮಾತ್ರಕ್ಕೆ ಅದನ್ನು ಓದು ಎನ್ನಲು ಅವರು ಸಿದ್ಧರಿರಲಿಲ್ಲ. ಬರಹದಿಂದ ಭಾವ ಮನಸ್ಸಿಗೆ ಮುಟ್ಟಿದರೆ ಮಾತ್ರ ಓದು. ಧ್ವನಿಯ ದಾರಿ ಹಿಡಿದವರು ಮರೆತುಬಿಡುವ ಅಂಶ ಇದು. ಮಾಂಟೆಸರಿ ಅವರು ಮರೆಯಲಿಲ್ಲ.

ಇಲ್ಲಿ ಜೀವನಕಥೆಯನ್ನು ತುಸು ನಿಲ್ಲಿಸಿ, ಪಾಶ್ಚಾತ್ಯ ದೇಶಗಳಲ್ಲಿ ಬಹುಕಾಲದಿಂದ ನಡೆದಿರುವ ಒಂದು ವಿವಾದವನ್ನು ಹೇಳಬೇಕು. ಅಕ್ಷರದ ಧ್ವನಿಯನ್ನು ಕಲಿಸಿ, ಧ್ವನಿಗಳನ್ನು ಕೂಡಿಸಿ ಓದಿಸಬೇಕೆಂಬುದು ಒಂದು ಪಕ್ಷ. ಇಡಿಯ ಪದದ ಆಕಾರವನ್ನೇ ಚಿತ್ರದಂತೆ ಮನನ ಮಾಡಿಸಿ, ನೋಡಿದೊಡನೆ ಹೇಳಿಸಬೇಕೆಂಬುದು ಇನ್ನೊಂದು ಪಕ್ಷ. ಅಮೆರಿಕದ ಶಿಕ್ಷಣ ಸುಧಾರಕ ಹೊರೇಸ್ ಮ್ಯಾನ್ ಎರಡನೆಯ ಪಕ್ಷವನ್ನು ಎತ್ತಿ ಹಿಡಿದಾಗ, 1844ರಲ್ಲಿ ಬೋಸ್ಟನ್ ನಗರದ 31 ಮಂದಿ ಉಪಾಧ್ಯಾಯರು ಒಟ್ಟಾಗಿ ಅವರನ್ನು ಖಂಡಿಸಿದರು. ಇಪ್ಪತ್ತನೆಯ ಶತಮಾನದ ನಡುಭಾಗದಲ್ಲಿ ಅಮೆರಿಕದ ಶಾಲೆಗಳಲ್ಲಿ ಇಡಿಯ ಪದದ ಪದ್ಧತಿಯೇ ಮೇಲುಗೈ ಪಡೆದಿತ್ತು. 1955ರಲ್ಲಿ ರುಡಾಲ್ಫ್ ಫ್ಲೆಶ್ ಎಂಬುವರು ಅದರ ವಿರುದ್ಧ ಬರೆದ ಗ್ರಂಥ ದೊಡ್ಡ ಕೋಲಾಹಲವನ್ನೆಬ್ಬಿಸಿತು. 2000ದಲ್ಲಿ ಅಮೆರಿಕದ ರಾಷ್ಟ್ರೀಯ ವಾಚನ ಸಮಿತಿ, 2006ರಲ್ಲಿ ಇಂಗ್ಲೆಂಡಿನ ರೋಸ್ ವರದಿ, ಇವೆರಡೂ ಧ್ವನಿಯನ್ನು ಕ್ರಮವಾಗಿ ಕಲಿಸುವ ಪದ್ಧತಿಯ ಪರವಾಗಿ ತೀರ್ಪಿತ್ತವು. ವಾದ ಇನ್ನೂ ಪೂರ್ಣವಾಗಿ ತಣ್ಣಗಾಗಿಲ್ಲ.

ಕನ್ನಡದ ಉಪಾಧ್ಯಾಯರಿಗೆ ಇದರಿಂದ ಏನಾಗಬೇಕೆಂದು ಕೇಳಬಹುದು. ಇಂಗ್ಲಿಷಿನಲ್ಲಿ 26 ಅಕ್ಷರಗಳು 44ರಷ್ಟು ಧ್ವನಿಗಳ ಹೊರೆಯನ್ನು ಹೊರಬೇಕು. ಅಕ್ಷರದ ಹೆಸರು ಬೇರೆ, ಧ್ವನಿ ಬೇರೆ. ಸಿ, ಎ, ಟಿ ಎಂದು ಹೆಸರು ಹೇಳಿದ ಮಗುವಿಗೆ ಅದು ಕ್ಯಾಟ್ ಹೇಗಾಯಿತೆಂಬುದು ಒಗಟು. ನಮ್ಮಲ್ಲಿ ಕ ಎಂಬುದರ ಹೆಸರೂ ಕ, ಧ್ವನಿಯೂ ಕ. ಆದರೆ ನಮ್ಮ ಕಷ್ಟ ಬೇರೆಯದು. 34 ವ್ಯಂಜನಗಳು 13 ಸ್ವರಗಳೊಡನೆ ಕೂಡಿದಾಗ 442 ರೂಪಗಳಾಗುತ್ತವೆ; ಅದರ ಮೇಲೆ ಒತ್ತಕ್ಷರಗಳು. ಅವನ್ನೆಲ್ಲ ಒಂದೊಂದು ಚಿತ್ರವೆಂದು ನೆನಪಿಡಲು ಹೊರಟರೆ ಮಗು ಸೋಲುತ್ತದೆ. ಇಳಿ, ಗುಡಿಸು, ಕೊಂಬು ಎಂಬ ಗುರುತುಗಳನ್ನು ಹಿಡಿದರೆ ಹೊರೆ ಹಗುರವಾಗುತ್ತದೆ. ಅಲ್ಲಿಯೂ ಪು, ವು ಎಂಬಲ್ಲಿ ಕೊಂಬು ಕೆಳಗಿಳಿಯುತ್ತದೆ. ಮಿ, ಯಿ ಎಂಬಲ್ಲಿ ಗುಡಿಸು ರೂಪ ಬದಲಿಸುತ್ತದೆ. ಸೂರ್ಯ ಎಂಬಲ್ಲಿ ಮೊದಲು ನುಡಿಯುವ ರಕಾರ ಅರ್ಕಾವೊತ್ತಾಗಿ ಹಿಂದೆ ಹೋಗಿ ಕೂರುತ್ತದೆ. ಅಂಥ ಕಡೆಗಳಲ್ಲಿ ಕಣ್ಣಿನ ಪರಿಚಯ ಬೇಕೇ ಬೇಕು.

ಈ ಲೇಖಕನು ಬಹಳ ವರ್ಷಗಳ ಹಿಂದೆ ಒಂದನೆಯ ತರಗತಿಯನ್ನು ಮೊದಲ ಬಾರಿಗೆ ವಹಿಸಿಕೊಂಡಾಗ, ಒಬ್ಬ ಬಾಲಕನು ಪಾಠವನ್ನು ನಿರರ್ಗಳವಾಗಿ ಓದಿ ಎಲ್ಲರಿಂದಲೂ ಶಹಭಾಸ್ ಎನಿಸಿಕೊಳ್ಳುತ್ತಿದ್ದನು. ಒಂದು ದಿನ ಮರ ಎಂಬ ಪದದ ಮುಂದೆ ಅವನು ಗಿಡ ಎಂದನು. ಚಿತ್ರದ ಮೇಲೆ ಕೈ ಮುಚ್ಚಿದೆ, ಹುಡುಗ ಮೂಕನಾದನು. ಪುಟದ ಚಿತ್ರವನ್ನು ನೋಡಿ ಬಾಯಿಪಾಠ ಒಪ್ಪಿಸುತ್ತಿದ್ದನಲ್ಲದೆ ಅವನಿಗೆ ಒಂದಕ್ಷರವೂ ತಿಳಿದಿರಲಿಲ್ಲ. ಇದನ್ನು ತಿಳಿಯುವ ವೇಳೆಗೆ ವರ್ಷ ಮುಗಿಯುತ್ತ ಬಂದಿತ್ತು, ತಪ್ಪು ನನ್ನದೇ. ಮಗ್ಗಿಯಂತೆ ಕಾಗುಣಿತವನ್ನು ರಾಗವಾಗಿ ಒಪ್ಪಿಸುವ ಮಕ್ಕಳೂ ಇದ್ದಾರೆ; ನಡುವಿನಿಂದ ಒಂದಕ್ಷರವನ್ನು ತೋರಿಸಿದರೆ ಅವರು ಮೊದಲಿನಿಂದ ಎಣಿಸಿಕೊಂಡು ಬರಬೇಕು. ಹಾಗಾಗಿ ಕಾಗುಣಿತ ಇದ್ದ ಮಾತ್ರಕ್ಕೆ ಧ್ವನಿಯ ಶಿಕ್ಷಣ ಆಯಿತೆಂದು ನಾವು ಹೆಮ್ಮೆಪಡುವಂತಿಲ್ಲ.

ಮರಳಿನ ಮೇಲೆ ಬೆರಳಿನಿಂದ ಬರೆಯಿಸುವುದು ನಮ್ಮ ಐಗಳ ಮಠಗಳ ಹಳೆಯ ರೂಢಿ. ಓಂ ನಮಃ ಶಿವಾಯ ಎಂದು ತಿದ್ದಿಸಿ ಓನಾಮವನ್ನು ಆರಂಭಿಸುತ್ತಿದ್ದರು. ಹದಿನೆಂಟನೆಯ ಶತಮಾನದ ಕೊನೆಯಲ್ಲಿ ಮದರಾಸಿನ ಎಗ್ಮೋರಿನಲ್ಲಿ ಅನಾಥ ಬಾಲಕರ ಶಾಲೆಯನ್ನು ನಡೆಸುತ್ತಿದ್ದ ಆಂಡ್ರ್ಯೂ ಬೆಲ್ ಎಂಬ ಪಾದ್ರಿ, ದೇಶೀಯ ಮಕ್ಕಳು ಹೀಗೆ ಮರಳಿನಲ್ಲಿ ಬರೆಯುವುದನ್ನು ಕಂಡು ತನ್ನ ಶಾಲೆಗೆ ತಂದನು. 1797ರಲ್ಲಿ ಅದನ್ನು ಕುರಿತು ಪುಸ್ತಕ ಪ್ರಕಟಿಸಿದನು. ಪದ್ಧತಿ ಇಂಗ್ಲೆಂಡಿಗೂ ಹೋಯಿತು. ಮಾಂಟೆಸರಿ ಅವರ ಮರಳುಕಾಗದಕ್ಕೆ ಇದೇ ಮೂಲವೆಂದು ಹೇಳಲಾಗದು. ಅವರ ಮೂಲ ಸೆಗ್ವೆ. ವ್ಯತ್ಯಾಸವನ್ನೂ ಹೇಳಿಬಿಡಬೇಕು. ಐಗಳು ಮಗುವಿನ ಬೆರಳನ್ನು ತಾವೇ ಹಿಡಿದು ಒತ್ತಿ ತಿದ್ದಿಸುತ್ತಿದ್ದರು, ಬೆರಳಿನ ಚರ್ಮ ಸುಲಿಯುವವರೆಗೂ. ರೋಮ್‌ನಲ್ಲಿ ಮಗು ತಾನಾಗಿ ಮುಟ್ಟುತ್ತಿತ್ತು. ಬೇಸರವಾದರೆ ಎದ್ದು ಹೋಗುತ್ತಿತ್ತು.

1909ರಲ್ಲಿ ಮರಿಯಾ ತಮ್ಮ ಪದ್ಧತಿಯನ್ನು ಗ್ರಂಥರೂಪದಲ್ಲಿ ಪ್ರಕಟಿಸಿದರು. 1912ರಲ್ಲಿ ಅದರ ಇಂಗ್ಲಿಷ್ ಅನುವಾದ ಹೊರಬಂದಿತು. ದೇಶದೇಶಗಳಿಂದ ಜನ ರೋಮ್‌ಗೆ ಬರತೊಡಗಿದರು. 1913ರಲ್ಲಿ ಅಮೆರಿಕಕ್ಕೆ ಹೋದಾಗ ಅವರಿಗೆ ಅಪೂರ್ವ ಸ್ವಾಗತ ದೊರೆಯಿತು. 1915ರ ಸ್ಯಾನ್ ಫ್ರಾನ್ಸಿಸ್ಕೊ ವಸ್ತುಪ್ರದರ್ಶನದಲ್ಲಿ ಗಾಜಿನ ಗೋಡೆಯ ತರಗತಿಯೊಂದನ್ನು ನಡೆಸಿದರು. ಆದರೆ ಕೊಲಂಬಿಯಾ ವಿಶ್ವವಿದ್ಯಾನಿಲಯದ ಆಚಾರ್ಯ ಕಿಲ್ಪ್ಯಾಟ್ರಿಕ್ 1914ರಲ್ಲಿಯೇ ಒಂದು ಕಿರುಹೊತ್ತಗೆಯಲ್ಲಿ ಈ ಪದ್ಧತಿಯನ್ನು ಕಟುವಾಗಿ ವಿಮರ್ಶಿಸಿದ್ದರು. ಬರೆದಂತೆ ನುಡಿಯುವ ಇಟಾಲಿಯನ್ ಭಾಷೆಗೆ ಸಲ್ಲುವ ಓದುಬರಹದ ಕ್ರಮ ಇಂಗ್ಲಿಷಿಗೆ ಅಷ್ಟಾಗಿ ಸಲ್ಲದೆಂಬುದು ಅವರ ಆಕ್ಷೇಪಗಳಲ್ಲೊಂದು. ಅಮೆರಿಕದಲ್ಲಿ ಮಾಂಟೆಸರಿ ಅವರ ಪ್ರಭಾವ ಕೆಲವೇ ವರ್ಷಗಳಲ್ಲಿ ಇಳಿದುಹೋಯಿತು. ಕಿಲ್ಪ್ಯಾಟ್ರಿಕ್ ಅವರ ಆಕ್ಷೇಪದಲ್ಲಿ ಹುರುಳಿಲ್ಲದಿಲ್ಲ; ಆದರೆ ಅದನ್ನೇ ತಿರುಗಿಸಿ ನೋಡಿದರೆ, ಬರೆದಂತೆ ನುಡಿಯುವ ಕನ್ನಡಕ್ಕೆ ಈ ಕ್ರಮ ಹೆಚ್ಚು ಹತ್ತಿರವೆಂದು ತೋರುತ್ತದೆ.

ಇಟಲಿಯಲ್ಲಿ ಮುಸೊಲಿನಿಯ ಸರ್ಕಾರವು 1924ರಿಂದ ಅವರ ಶಾಲೆಗಳಿಗೆ ಆಶ್ರಯ ನೀಡಿತು. ಆ ಆಶ್ರಯವನ್ನು ಅವರು ಹತ್ತು ವರ್ಷ ಸ್ವೀಕರಿಸಿದುದನ್ನು ಅವರ ಅಭಿಮಾನಿಗಳೂ ಸಮರ್ಥಿಸಲಾರರು. ಮಕ್ಕಳನ್ನು ಸರ್ವಾಧಿಕಾರಿಯ ಪುಟ್ಟ ಸೈನಿಕರನ್ನಾಗಿ ಮಾಡುವ ಹವಣಿಕೆ ಸ್ಪಷ್ಟವಾದಾಗ ಸಂಬಂಧ ಮುರಿದುಬಿತ್ತು. 1934ರ ಹೊತ್ತಿಗೆ ಶಾಲೆಗಳು ಮುಚ್ಚಿದುವು. ಅವರು ಸ್ಪೇನ್ ದೇಶದ ಬಾರ್ಸಿಲೋನಾದಲ್ಲಿ ನಿಂತರು. 1936ರಲ್ಲಿ ಅಂತರ್ಯುದ್ಧ ಸಿಡಿದುದರಿಂದ ಅಲ್ಲಿಂದಲೂ ಹೊರಟು ಹಾಲೆಂಡನ್ನು ಸೇರಿದರು.

ಅಲ್ಲಿಂದ ನಮ್ಮ ದೇಶಕ್ಕೆ. ಥಿಯೊಸಾಫಿಕಲ್ ಸೊಸೈಟಿಯ ಅಧ್ಯಕ್ಷರಾಗಿದ್ದ ಜಾರ್ಜ್ ಅರುಂಡೇಲ್ ಅವರ ಆಹ್ವಾನದಂತೆ, 1939ರಲ್ಲಿ, ಅರವತ್ತೊಂಬತ್ತನೆಯ ವಯಸ್ಸಿನಲ್ಲಿ, ಮಗ ಮಾರಿಯೊ ಅವರೊಡನೆ ಮದರಾಸಿನ ಅಡ್ಯಾರಿಗೆ ಬಂದರು. ಗರಿಯ ಚಪ್ಪರಗಳಲ್ಲಿ ಆರಂಭವಾದ ಮೊದಲ ತರಬೇತಿಗೆ ದೇಶದ ನಾನಾ ಭಾಗಗಳಿಂದ ಸುಮಾರು 300 ಮಂದಿ ಸೇರಿದರು. ತಾಯಿ ಇಟಾಲಿಯನ್ ಭಾಷೆಯಲ್ಲಿ ಉಪನ್ಯಾಸ ಮಾಡುವರು. ಮಗ ಒಡನೊಡನೆ ಇಂಗ್ಲಿಷಿಗೆ ತಿರುಗಿಸುವರು. ಕೆಲವು ತಿಂಗಳಿಗೆಂದು ಬಂದವರನ್ನು ಯುದ್ಧವು ವರ್ಷಗಟ್ಟಲೆ ಇಲ್ಲಿ ನಿಲ್ಲಿಸಿತು. 1940ರ ಜೂನ್ ತಿಂಗಳಿನಲ್ಲಿ ಇಟಲಿಯು ಬ್ರಿಟನ್ನಿನ ಮೇಲೆ ಯುದ್ಧ ಸಾರಿದಾಗ, ಶತ್ರುದೇಶದ ಪ್ರಜೆಯೆಂದು ಮಾರಿಯೊ ಅವರನ್ನು ಅಹಮದ್‌ನಗರದ ಬಂಧನ ಶಿಬಿರದಲ್ಲಿಟ್ಟರು. ತಾಯಿ ಅಡ್ಯಾರನ್ನು ಬಿಟ್ಟು ಹೋಗದಂತೆ ನಿರ್ಬಂಧಿಸಿದರು. ಆಗಸ್ಟ್ 31ರಂದು, ಅವರ ಎಪ್ಪತ್ತನೆಯ ಹುಟ್ಟಿದ ಹಬ್ಬದ ದಿನ, ವೈಸರಾಯ್ ಅವರಿಂದ ತಂತಿ ಬಂದಿತು. ಹುಟ್ಟಿದ ಹಬ್ಬದ ಕಾಣಿಕೆಯಾಗಿ ಅವರ ಮಗನನ್ನು ಬಿಡುಗಡೆ ಮಾಡಲಾಗಿದೆ ಎಂಬುದು ಅದರ ಸಾರಾಂಶ. ನಲವತ್ತೆರಡು ವರ್ಷಗಳ ಕಾಲ ಬಹಿರಂಗವಾಗಿ ಆಡದಿದ್ದ ಮಗ ಎಂಬ ಮಾತು ಹೀಗೆ ಪರಕೀಯ ಸರ್ಕಾರದ ತಂತಿಯಲ್ಲಿ ಬಂದಿತೆಂದು ಜೀವನಚರಿತ್ರಕಾರರು ಬರೆಯುತ್ತಾರೆ.

1942ರಿಂದ 1944ರವರೆಗೆ ತಾಯಿಮಗ ಇಬ್ಬರೂ ಕೊಡೈಕನಾಲಿನಲ್ಲಿದ್ದು, ಅಲ್ಲಿ ಒಂದು ಶಾಲೆ ನಡೆಸಿ, ಆರು ವರ್ಷ ಮೀರಿದ ಮಕ್ಕಳ ಶಿಕ್ಷಣವನ್ನು ಕುರಿತು ಹೊಸ ಚಿಂತನೆ ಮಾಡಿದರು. 1946ರಲ್ಲಿ ಯೂರೋಪಿಗೆ ಹೋಗಿ, ಮರುವರ್ಷವೇ ಮತ್ತೆ ಬಂದರು. ನಮ್ಮ ದೇಶದಲ್ಲಿ ಅವರಿಂದ ತರಬೇತಿ ಪಡೆದವರ ಸಂಖ್ಯೆ ಸಾವಿರಕ್ಕೂ ಹೆಚ್ಚು. ಅಹಮದಾಬಾದಿನಲ್ಲಿ ಮಾಡಿದ ಉಪನ್ಯಾಸಗಳಿಂದ ರೂಪುಗೊಂಡ ಗ್ರಂಥ 1949ರಲ್ಲಿ ಅಡ್ಯಾರಿನಿಂದಲೇ ಪ್ರಕಟವಾಯಿತು.

ಬೆಂಗಳೂರಿನಲ್ಲಿ ಇಂದು ಅವರ ಹೆಸರಿನ ಶಾಲೆಗಳಿಗೆ ಲೆಕ್ಕವಿಲ್ಲ. ಉಪಾಧ್ಯಾಯರನ್ನು ತಯಾರು ಮಾಡುವ ಇಂಡಿಯನ್ ಮಾಂಟೆಸರಿ ಸೆಂಟರ್ ಕೂಡ ಅಲ್ಲಿಯೇ ಇದೆ. ಆದರೆ ಬಡವರ ಕೇರಿಯಲ್ಲಿ ಹುಟ್ಟಿದ ಪದ್ಧತಿ ಇಂದು ಎಷ್ಟೋ ಕಡೆ ಹಣವಂತರ ಮಕ್ಕಳ ಸೊತ್ತಾಗಿದೆ. ಹೆಸರಿನ ಫಲಕ ಮಾತ್ರ ತೂಗಿಹಾಕಿ, ಒಳಗೆ ಮೂರು ವರ್ಷದ ಕೂಸಿನಿಂದ ಎ ಬಿ ಸಿ ಡಿ ಕಾಪಿ ಬರೆಸುವ ಸ್ಥಳಗಳನ್ನೂ ನೋಡಿದ್ದೇವೆ. ಬಡ ಮಕ್ಕಳ ಪಾಲಿಗೆ ಬೇರೊಂದು ಕಡೆಯಿಂದ ಬೆಳಕು ಬಂದಿತು. 1995ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನ ಸರ್ಕಾರಿ ಶಾಲೆಗಳ ಉಪಾಧ್ಯಾಯರು, ಆಂಧ್ರದ ಋಷಿವ್ಯಾಲಿಯ ಪ್ರಯೋಗವನ್ನು ನೋಡಿಬಂದು, ಯುನಿಸೆಫ್ ನೆರವಿನಿಂದ ನಲಿಕಲಿ ಎಂಬ ಕ್ರಮವನ್ನು ಆರಂಭಿಸಿದರು. ಮುಂದೆ ಅದು ರಾಜ್ಯದಲ್ಲೆಲ್ಲ ಹರಡಿತು. ನಮ್ಮ ಸರ್ಕಾರಿ ಶಾಲೆಗಳಲ್ಲಿ ಬಳಕೆಗೆ ಬಂದ ಕ್ರಮದಲ್ಲಿ ಅ ಆ ಇ ಈ ಎಂಬ ಸಾಲನ್ನು ಬಿಟ್ಟು ರ, ಗ, ಸ, ದ, ಅ ಎಂಬ ಐದರಿಂದ ಮೊದಲು ಮಾಡುತ್ತಾರೆ. ಐದೇ ಅಕ್ಷರ ಬಂದೊಡನೆ ಮಗು ಸರ, ಅರಸ, ಅಗಸ, ಗರಗಸ ಎಂದು ತಾನೇ ಕೂಡಿಸಿ ಓದಬಲ್ಲದು. ಇದು ಮಾಂಟೆಸರಿ ಪದ್ಧತಿಯಲ್ಲ. ಆದರೆ ಕಾಗದದ ಅಕ್ಷರಗಳನ್ನು ಸಾಲಿಟ್ಟು ಪದ ಕಟ್ಟಿದ ಸ್ಯಾನ್ ಲೊರೆಂಜೊ ಮಕ್ಕಳಿಗೆ ಇದು ಚೆನ್ನಾಗಿ ಅರ್ಥವಾಗುತ್ತಿತ್ತು. ವರ್ಣಮಾಲೆಯ ಕ್ರಮವನ್ನು ಕೆಡಿಸಿದರೆಂದು ಹಿರಿಯರು ಅನೇಕರು ನೊಂದುಕೊಂಡರು. ವ್ಯಾಕರಣಕ್ಕೆ ಆ ಕ್ರಮ ಬೇಕು, ನಿಘಂಟು ನೋಡುವುದಕ್ಕೂ ಬೇಕು. ಎರಡನೆಯ ವರ್ಷ ಅದನ್ನು ಕಲಿಸಿದರೆ ಸಾಕೆಂಬುದು ನಮ್ಮ ಅನುಭವ.

ತಮ್ಮ ಕೊನೆಯ ವರ್ಷಗಳನ್ನು ಮರಿಯಾ ಹಾಲೆಂಡಿನಲ್ಲಿ ಕಳೆದರು. ಶಾಂತಿಗಾಗಿ ನೀಡುವ ನೊಬೆಲ್ ಪಾರಿತೋಷಕಕ್ಕೆ 1949, 1950, 1951ರಲ್ಲಿ ಅವರ ಹೆಸರು ಸೂಚಿತವಾಯಿತು, ದೊರೆಯಲಿಲ್ಲ. ಎಂಬತ್ತು ದಾಟಿದರೂ ಪ್ರವಾಸದ ಹಂಬಲ ಬಿಟ್ಟಿರಲಿಲ್ಲ. 1952ನೆಯ ಇಸವಿ ಮೇ 6ರಂದು ನಾರ್ಡ್‌ವೈಕ್ ಎಂಬ ಕಡಲತೀರದ ಊರಿನಲ್ಲಿ, ಮಾರಿಯೊ ಬಳಿಯಲ್ಲಿದ್ದಾಗ, ಅವರು ದೇಹತ್ಯಾಗ ಮಾಡಿದರು. ಅವರ ಸಮಾಧಿ ಆ ಊರಿನಲ್ಲಿಯೇ ಇದೆ. ತಾಯಿಯ ಕಾರ್ಯವನ್ನು ಮಾರಿಯೊ ಅಲ್ಲಿಂದ ಮುಂದೆ ಮೂವತ್ತು ವರ್ಷ, 1982ರಲ್ಲಿ ತಾವು ತೀರಿಕೊಳ್ಳುವವರೆಗೆ, ನಡೆಸಿಕೊಂಡು ಬಂದರು.